97 ಡಿಗ್ರಿಗೆ ಕುದಿಯುವ ನೀರು: ದ್ರವ್ಯದ ಸ್ಥಿತಿಗಳ ಪಾಠವನ್ನು ನಾನು ಪ್ರಯೋಗಶಾಲೆಯಲ್ಲಿ ಮಾಡಿಸುವ ರೀತಿ

ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಒಂಬತ್ತನೇ ತರಗತಿಯ ರೆಕಾರ್ಡ್ ಪುಸ್ತಕ ತೆರೆದರೆ ಬಹುತೇಕ ಎಲ್ಲದರಲ್ಲೂ 100 ಎಂದೇ ಇರುತ್ತದೆ. ಮಕ್ಕಳು ಥರ್ಮಾಮೀಟರ್ ನೋಡಿ 97 ಓದಿರುತ್ತಾರೆ, ಪುಸ್ತಕ ನೋಡಿ 100 ಬರೆದಿರುತ್ತಾರೆ. ಈ ಮೂರು ಡಿಗ್ರಿಯನ್ನು ಅಳಿಸಲು ಬಿಡಬಾರದು ಎಂಬುದು ದ್ರವ್ಯದ ಸ್ಥಿತಿಗಳ ಪಾಠದಲ್ಲಿ ನಾನು ಹಿಡಿದಿರುವ ಹಟ. ಕುದಿಬಿಂದು ಒತ್ತಡವನ್ನು ಅವಲಂಬಿಸಿದೆ ಎಂದು ಬಾಯಿಪಾಠ ಮಾಡಿಸುವುದರ ಬದಲು ಅದನ್ನು ಕಣ್ಣಿಗೆ ಕಾಣಿಸಲು ನಮಗೆ ಸಿಕ್ಕಿರುವುದು ಆ ಮೂರು ಡಿಗ್ರಿಯೇ.

ಆದರೆ ಆ 97ನ್ನು ನಂಬಬೇಕಾದರೆ ಮೊದಲು ಥರ್ಮಾಮೀಟರನ್ನು ನಂಬಬೇಕು. ಶಾಲೆಗೆ ಬರುವ ಥರ್ಮಾಮೀಟರುಗಳಲ್ಲಿ ಒಂದು ಡಿಗ್ರಿ ಹೆಚ್ಚುಕಮ್ಮಿ ತೋರಿಸುವವು ಬೇಕಾದಷ್ಟಿವೆ. ಹಾಗಾಗಿ ಪಾಠದ ಹಿಂದಿನ ದಿನವೇ ಎಲ್ಲವನ್ನೂ ಒಟ್ಟಿಗೆ ಜಜ್ಜಿದ ಐಸಿನಲ್ಲಿ ನಿಲ್ಲಿಸುತ್ತೇನೆ. ಐಸಿನ ಸಂದುಗಳು ತುಂಬುವಷ್ಟು ತಣ್ಣೀರು ಹಾಕಬೇಕು, ಇಲ್ಲದಿದ್ದರೆ ಬುರುಡೆಯ ಸುತ್ತ ಗಾಳಿ ಉಳಿದು ಒಂದೆರಡು ಡಿಗ್ರಿ ಜಾಸ್ತಿ ತೋರಿಸುತ್ತದೆ. ಐದು ನಿಮಿಷ ಕಲಕುತ್ತಾ ಕಾದ ಮೇಲೆ ಪ್ರತಿಯೊಂದೂ ತೋರಿಸಿದ ಅಂಕಿಯನ್ನು ಅದರ ತಲೆಗೆ ಅಂಟಿಸಿದ ಚೀಟಿಯಲ್ಲಿ ಬರೆದಿಡುತ್ತೇನೆ: +0.5, −1, ಹೀಗೆ. ಎರಡು ಡಿಗ್ರಿಗಿಂತ ಹೆಚ್ಚು ತಪ್ಪಿದರೆ ಅದನ್ನು ಬಳಸುವುದಿಲ್ಲ. ಕೆಂಪು ದ್ರವದ ಥರ್ಮಾಮೀಟರಿನಲ್ಲಿ ಗೆರೆ ನಡುವೆ ತುಂಡಾಗಿದೆಯೇ ಎಂದೂ ಆಗಲೇ ನೋಡಬೇಕು. ತುಂಡಾಗಿದ್ದರೆ ಅಂಕಿ ಎಷ್ಟೋ ಡಿಗ್ರಿ ಮೇಲೆ ನಿಂತಿರುತ್ತದೆ.

ಕೆಂಪು ದ್ರವದ ಥರ್ಮಾಮೀಟರಿನಲ್ಲಿ ಇನ್ನೊಂದು ತೊಡಕಿದೆ, ಅದನ್ನು ಗಮನಿಸುವವರು ಕಡಿಮೆ. ಕೆಲವು ಥರ್ಮಾಮೀಟರುಗಳು ದ್ರವದ ಗೆರೆಯ ತುದಿಯವರೆಗೂ ಮುಳುಗಿದಾಗ ಮಾತ್ರ ಸರಿಯಾದ ಅಂಕಿ ತೋರಿಸುವಂತೆ ಗುರುತು ಮಾಡಿದವು. ಬೀಕರಿನಲ್ಲಿ ಮುಳುಗುವುದು ಬುರುಡೆ ಮತ್ತು ಒಂದಷ್ಟು ಕಾಂಡ, ಅಷ್ಟೇ. ಹೊರಗೆ ಉಳಿದ ಕಾಂಡ ತಣ್ಣಗಿರುತ್ತದೆ, ಅದರೊಳಗಿನ ದ್ರವ ಪೂರ್ತಿ ಹಿಗ್ಗುವುದಿಲ್ಲ. ಹೊರಗೆ 85 ಡಿಗ್ರಿಯಷ್ಟು ಉದ್ದ ಇದ್ದು, ಅದರ ಸರಾಸರಿ ತಾಪ 40 ಡಿಗ್ರಿ ಎಂದುಕೊಳ್ಳಿ. ದ್ರವ ಹಿಗ್ಗುವ ಗುಣಕ, ಹೊರಗಿನ ಉದ್ದ, 97 ಮತ್ತು 40ರ ಅಂತರ, ಈ ಮೂರನ್ನೂ ಗುಣಿಸಿದರೆ ತಪ್ಪು ಸಿಗುತ್ತದೆ. ಪಾದರಸದ್ದಾದರೆ 0.00016 × 85 × 57, ಅಂದರೆ ಮುಕ್ಕಾಲು ಡಿಗ್ರಿ. ಆಲ್ಕೋಹಾಲಿನಂಥ ದ್ರವದ್ದಾದರೆ ಮೊದಲಿನ ಗುಣಕ ಸುಮಾರು 0.001, ತಪ್ಪು ಐದು ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ಬಳಬಳ ಕುದಿಯುವ ನೀರಿನಲ್ಲಿ ಕೆಂಪು ಥರ್ಮಾಮೀಟರ್ 92 ತೋರಿಸಿದರೆ ಕಾರಣ ಇದೇ. ಕಾಂಡದ ಮೇಲೆ ಮುಳುಗಿಸಬೇಕಾದ ಮಟ್ಟಕ್ಕೆ ಅಡ್ಡಗೆರೆ ಇರುವ ಥರ್ಮಾಮೀಟರನ್ನೇ ಕೇಳಿ ಕೊಳ್ಳಿ, ನೀರು ಆ ಗೆರೆಯವರೆಗೆ ಬರುವಂತೆ ಬೀಕರ್ ಆರಿಸಿ. ಗೆರೆ ಸಾಮಾನ್ಯವಾಗಿ ಬುರುಡೆಯ ತುದಿಯಿಂದ 76 ಮಿ.ಮೀ. ಮೇಲಿರುತ್ತದೆ. ಅಗಲವಾದ ಬೀಕರಿನಲ್ಲಿ 100 ಮಿ.ಲೀ. ನೀರು ಅಷ್ಟು ಎತ್ತರ ಬರುವುದಿಲ್ಲ, ಆದ್ದರಿಂದ ನಾನು ಸಣ್ಣ ಬಾಯಿಯ ಎತ್ತರದ ಬೀಕರನ್ನೇ ಬಳಸುತ್ತೇನೆ.

ಇನ್ನು ಪ್ರಯೋಗ. ನಾಲ್ಕು ಮಕ್ಕಳ ಒಂದು ಗುಂಪಿಗೆ 80 ಗ್ರಾಂ ಜಜ್ಜಿದ ಐಸು, 20 ಮಿ.ಲೀ. ಫ್ರಿಜ್ಜಿನ ನೀರು, 150 ಮಿ.ಲೀ. ಎತ್ತರದ ಬೀಕರ್, ತಂತಿ ಜಾಲರಿ, ಮುಕ್ಕಾಲಿ ಸ್ಟ್ಯಾಂಡ್, ಸ್ಪಿರಿಟ್ ಲ್ಯಾಂಪ್, ಥರ್ಮಾಮೀಟರ್ ಹಿಡಿಯಲು ಕ್ಲ್ಯಾಂಪ್, ಗಾಜಿನ ಕಡ್ಡಿ, ಗಡಿಯಾರ. ಐಸನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒನಕೆಯಲ್ಲೋ ಕಲ್ಲಿನಲ್ಲೋ ಜಜ್ಜಿದರೆ ಸಾಕು, ಕಡಲೆಕಾಳಿನ ಗಾತ್ರಕ್ಕಿಂತ ದೊಡ್ಡ ಚೂರು ಇರಬಾರದು. ದೊಡ್ಡ ತುಂಡುಗಳು ಮೇಲೆ ತೇಲುತ್ತವೆ, ತಳದ ನೀರು ಅಷ್ಟರಲ್ಲಿ ಬೆಚ್ಚಗಾಗಿರುತ್ತದೆ. ಥರ್ಮಾಮೀಟರ್ ಮೂರು, ಐದು, ಎಂಟು ಎಂದು ಏರುತ್ತಿರುವಾಗಲೂ ಮೇಲೆ ಐಸು ಇನ್ನೂ ಇರುತ್ತದೆ. ಗ್ರಾಫಿನಲ್ಲಿ ಮಟ್ಟಸ ಗೆರೆ ಬರುವ ಕಡೆ ಏರುಗೆರೆ ಬರುತ್ತದೆ. ಈ ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲೇ, ಇದಕ್ಕೆ ಮದ್ದು ಎಡೆಬಿಡದೆ ಕಲಕುವುದು. ಗಾಜಿನ ಕಡ್ಡಿಯಿಂದ ಕಲಕಬೇಕು, ಥರ್ಮಾಮೀಟರಿನಿಂದ ಅಲ್ಲ. ಗುಂಪಿನಲ್ಲಿ ಒಬ್ಬರಿಗೆ ಕಲಕುವುದು, ಒಬ್ಬರಿಗೆ ಓದುವುದು, ಒಬ್ಬರಿಗೆ ಗಡಿಯಾರ, ಒಬ್ಬರಿಗೆ ಬರೆಯುವುದು ಎಂದು ಮೊದಲೇ ಹಂಚಿಬಿಡಿ.

ಬುರುಡೆ ತಳಕ್ಕೆ ತಾಗಬಾರದು, ಒಂದು ಸೆಂ.ಮೀ. ಮೇಲಿರಲಿ. ಫ್ಯಾನ್ ಆರಿಸಿ. ಜ್ವಾಲೆ ಅತ್ತಿತ್ತ ಓಲಾಡಿದರೆ ಒಂದು ನಿಮಿಷಕ್ಕೆ ಹೋಗುವ ಶಾಖ ಇನ್ನೊಂದು ನಿಮಿಷಕ್ಕೆ ಹೋಗುವುದಿಲ್ಲ, ಆಮೇಲೆ ಸಮಯ ಲೆಕ್ಕ ಹಾಕಿ ಪ್ರಯೋಜನವಿಲ್ಲ. ದೀಪ ಹಚ್ಚಿದ ಮೇಲೆ ಪ್ರತಿ ಅರ್ಧ ನಿಮಿಷಕ್ಕೆ ಒಂದು ಅಂಕಿ. ಕಲಕುವವರು ಸರಿಯಾಗಿ ಕಲಕಿದರೆ ಐಸಿನ ಕೊನೆಯ ಚೂರು ಹೋಗುವವರೆಗೂ ಗೆರೆ 0 ಮತ್ತು 1ರ ನಡುವೆಯೇ ನಿಂತಿರುತ್ತದೆ. ದೀಪ ಉರಿಯುತ್ತಲೇ ಇದೆ, ಆದರೂ ಅಂಕಿ ಅಲುಗುತ್ತಿಲ್ಲ. ಈ ನಾಲ್ಕೈದು ನಿಮಿಷ ನಾನು ಏನನ್ನೂ ವಿವರಿಸುವುದಿಲ್ಲ. ಶಾಖ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಮಕ್ಕಳಿಂದಲೇ ಬರಬೇಕು, ಬರುತ್ತದೆ. 1760ರ ದಶಕದಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಗುಪ್ತೋಷ್ಣದ, ಅಂದರೆ ತಾಪ ಏರಿಸದೆ ಸ್ಥಿತಿಯನ್ನಷ್ಟೇ ಬದಲಿಸುವ ಶಾಖದ ವಿಚಾರವನ್ನು ಕಂಡುಕೊಂಡಿದ್ದೂ ಇದೇ ಪ್ರಶ್ನೆಯ ಬೆನ್ನು ಹತ್ತಿ: ಐಸು ಕರಗಲು ಅಷ್ಟೊಂದು ಹೊತ್ತು ಯಾಕೆ ಹಿಡಿಯುತ್ತದೆ?

ಲೆಕ್ಕವನ್ನು ಮಕ್ಕಳ ಕೈಯಲ್ಲೇ ಹಾಕಿಸಿ. 80 ಗ್ರಾಂ ಐಸು ಕರಗಲು ಬೇಕಾದದ್ದು 80 × 334, ಸುಮಾರು 26,700 ಜೂಲ್. ಕರಗಿದ ಮೇಲೆ ಆಗುವ 100 ಗ್ರಾಂ ನೀರನ್ನು 0ಯಿಂದ 97ಕ್ಕೆ ಏರಿಸಲು 100 × 4.18 × 97, ಸುಮಾರು 40,500 ಜೂಲ್. ಅದೇ ನೀರು ಪೂರ್ತಿ ಆವಿಯಾಗಲು 2,26,000 ಜೂಲ್. ಕರಗುವುದಕ್ಕೆ ಐದು ನಿಮಿಷ ಹಿಡಿದಿದ್ದರೆ ಕುದಿ ಬರಲು ಏಳೂವರೆ ನಿಮಿಷ ಬೇಕು. ಪೂರ್ತಿ ಆವಿಯಾಗಿಸಲು ಹೊರಟರೆ 42 ನಿಮಿಷ, ಅಂದರೆ ಇಡೀ ಪೀರಿಯಡ್ ಅದಕ್ಕೇ ಸಾಲದು. ಹಾಗಾಗಿ ಕುದಿ ಬಂದ ಮೇಲೆ ಐದು ನಿಮಿಷ ಓದಿಸಿ ನಿಲ್ಲಿಸುತ್ತೇನೆ. ನಿಜದಲ್ಲಿ ಕುದಿ ಬರಲು ಲೆಕ್ಕಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, 70 ಡಿಗ್ರಿ ದಾಟಿದ ಮೇಲೆ ಗ್ರಾಫ್ ಬಾಗುತ್ತದೆ. ಬಿಸಿ ಬೀಕರ್ ಸುತ್ತಲಿನ ಗಾಳಿಗೆ ಶಾಖ ಕೊಡುತ್ತಿರುತ್ತದೆ, ಮೇಲ್ಮೈಯಿಂದ ನೀರು ಆವಿಯಾಗುತ್ತಾ ಇನ್ನಷ್ಟು ಒಯ್ಯುತ್ತದೆ. ಆ ಬಾಗು ತಪ್ಪಲ್ಲ. ಅದನ್ನು ಸ್ಕೇಲಿಟ್ಟು ನೆಟ್ಟಗೆ ಎಳೆದ ಗ್ರಾಫಿಗೆ ನಾನು ಅಂಕ ಕಡಿಮೆ ಕೊಡುತ್ತೇನೆ.

ದೀಪ ಹಚ್ಚುವ ಮೊದಲೇ ಬೀಕರಿಗೆ ಮಡಕೆಯ ಎರಡು ಮೂರು ಚೂರು ಹಾಕಿರಬೇಕು, ಮೆರುಗು ಇಲ್ಲದ ಮಣ್ಣಿನ ಮಡಕೆಯದೇ ಆಗಬೇಕು. ಅದರ ಸಣ್ಣ ರಂಧ್ರಗಳಲ್ಲಿನ ಗಾಳಿ ಗುಳ್ಳೆ ಹುಟ್ಟಲು ಜಾಗ ಕೊಡುತ್ತದೆ. ನುಣುಪಾದ ಹೊಸ ಬೀಕರಿನಲ್ಲಿ ಅದಿಲ್ಲದೆ ನೀರು ಕುದಿಬಿಂದು ದಾಟಿ ಬಿಸಿಯಾಗಿ, ಆಮೇಲೆ ಒಮ್ಮೆಲೇ ಉಕ್ಕಿ ಮುಖಕ್ಕೆ ಹಾರಬಹುದು. ಮರೆತು ಹೋಗಿ ನಡುವೆ ನೆನಪಾದರೆ ದೀಪ ಆರಿಸಿ, ನೀರು ತಣಿದ ಮೇಲೆಯೇ ಹಾಕಿ. ಬಿಸಿ ನೀರಿಗೆ ಚೂರು ಹಾಕಿದರೆ ಆ ಕ್ಷಣವೇ ಉಕ್ಕುತ್ತದೆ.

60–70 ಡಿಗ್ರಿಗೆ ಗೋಡೆಗಂಟಿ ಸಣ್ಣ ಗುಳ್ಳೆಗಳು ಕಾಣಿಸುತ್ತವೆ. ಮಕ್ಕಳು ಅದನ್ನೇ ಕುದಿ ಎಂದು ಬರೆಯುತ್ತಾರೆ. ಅದು ನೀರಿನಲ್ಲಿ ಕರಗಿದ್ದ ಗಾಳಿ. ಕುದಿಯ ಗುಳ್ಳೆ ತಳದಲ್ಲಿ ಹುಟ್ಟಿ, ಮೇಲೇರುತ್ತಾ ದೊಡ್ಡದಾಗಿ, ಮೇಲ್ಮೈಯಲ್ಲಿ ಒಡೆಯುತ್ತದೆ. ಇವೆರಡರ ನಡುವೆ ಒಂದು ಹಂತವಿದೆ: ಗುಳ್ಳೆ ತಳದಲ್ಲಿ ಹುಟ್ಟುತ್ತದೆ, ಮೇಲಿನ ತಂಪು ನೀರಿಗೆ ಸಿಕ್ಕಿ ಕುಸಿದು ಮಾಯವಾಗುತ್ತದೆ. ಒಲೆಯ ಮೇಲಿನ ಪಾತ್ರೆ ಕುದಿಯುವ ಮುಂಚೆ ಸುಯ್ಯೆಂದು ಹಾಡುವುದು ಈ ಕುಸಿತದ ಸದ್ದು.

ಈಗ ಆ 97. ಮಕ್ಕಳು ಹೇಳುವ ಮೊದಲ ಕಾರಣ ‘ಬೋರ್‌ವೆಲ್ ನೀರು, ಉಪ್ಪಿದೆ’ ಎಂದು. ದೊಡ್ಡವರೂ ಇದನ್ನೇ ಹೇಳುವುದನ್ನು ಕೇಳಿದ್ದೇನೆ. ಇದು ಎರಡು ರೀತಿಯಲ್ಲಿ ತಪ್ಪು. ಕರಗಿದ ಲವಣ ಕುದಿಬಿಂದುವನ್ನು ಇಳಿಸುವುದಿಲ್ಲ, ಏರಿಸುತ್ತದೆ. ಏರಿಸುವುದೂ ಅತಿ ಸ್ವಲ್ಪ: ಲೀಟರಿಗೆ 58 ಗ್ರಾಂ ಅಡುಗೆ ಉಪ್ಪು ಹಾಕಿದರೆ ಒಂದು ಡಿಗ್ರಿ. ಲೀಟರಿಗೆ ಒಂದು ಗ್ರಾಂ ಲವಣವಿರುವ ಗಡಸು ನೀರಿನಲ್ಲಿ ವ್ಯತ್ಯಾಸ ಡಿಗ್ರಿಯ ನೂರರಲ್ಲಿ ಎರಡು ಪಾಲು, ನಮ್ಮ ಥರ್ಮಾಮೀಟರಿಗೆ ಕಾಣುವುದೇ ಇಲ್ಲ. ಅನುಮಾನವಿದ್ದವರಿಗೆ ಒಂದು ಬೀಕರಿನಲ್ಲಿ ಬಟ್ಟಿ ಇಳಿಸಿದ ನೀರು, ಇನ್ನೊಂದರಲ್ಲಿ ಕೊಳಾಯಿ ನೀರು ಕುದಿಸಿ ತೋರಿಸಿ. ಎರಡೂ ಒಂದೇ ಅಂಕಿಗೆ ನಿಲ್ಲುತ್ತವೆ.

ಕಾರಣ ಎತ್ತರ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಒತ್ತಡ 910 ಹೆಕ್ಟೋಪಾಸ್ಕಲ್ ಆಸುಪಾಸು. ಪುಸ್ತಕದ 100 ಡಿಗ್ರಿ 1013 ಹೆಕ್ಟೋಪಾಸ್ಕಲಿಗೆ ಸೇರಿದ್ದು. ಪ್ರತಿ 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ ಎಂದು ಹಿಡಿದರೆ ನಮ್ಮ ರಾಜ್ಯದ ಎತ್ತರಗಳಿಗೆ ಲೆಕ್ಕ ಸರಿಹೋಗುತ್ತದೆ: ಮಂಗಳೂರಿನಲ್ಲಿ 100, ಮೈಸೂರಿನಲ್ಲಿ 97.5ರ ಹತ್ತಿರ, ಮಡಿಕೇರಿಯಲ್ಲಿ 96. ಒತ್ತಡವನ್ನು ಅಳೆಯಲು ಬ್ಯಾರೋಮೀಟರ್ ಸೆನ್ಸರ್ ಇರುವ ಮೊಬೈಲ್ ಸಾಕು. ಹವಾಮಾನದ ಆ್ಯಪ್ ತೋರಿಸುವ ಒತ್ತಡವನ್ನು ಮಾತ್ರ ತೆಗೆದುಕೊಳ್ಳಬೇಡಿ. ಅದು ಸಾಮಾನ್ಯವಾಗಿ ಸಮುದ್ರ ಮಟ್ಟಕ್ಕೆ ಹೊಂದಿಸಿದ ಅಂಕಿ, ಬೆಂಗಳೂರಿಗೂ 1010 ಎಂದೇ ಹೇಳುತ್ತದೆ, ಮಕ್ಕಳ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಕುದಿಬಿಂದು ಒತ್ತಡದೊಂದಿಗೆ ಬದಲಾಗುತ್ತದೆ ಎಂಬುದು ಆಂಡರ್ಸ್ ಸೆಲ್ಸಿಯಸ್‌ಗೂ ಗೊತ್ತಿತ್ತು. 1742ರಲ್ಲಿ ತನ್ನ ಮಾಪಕವನ್ನು ಮಂಡಿಸುವಾಗಲೇ ಆತ ಇದನ್ನು ಲೆಕ್ಕಕ್ಕೆ ಹಿಡಿದಿದ್ದ. ಆತನ ಮಾಪಕದಲ್ಲಿ ಕುದಿಬಿಂದು 0, ಐಸಿನ ಬಿಂದು 100 ಇತ್ತು, ತಿರುವಿದ್ದು ಆಮೇಲೆ.

ಹಾಗಾದರೆ ಐಸಿನ 0 ಡಿಗ್ರಿ ಬೆಂಗಳೂರಿನಲ್ಲಿ ಯಾಕೆ ಬದಲಾಗಲಿಲ್ಲ? ಚುರುಕಾದ ಮಗು ಕೇಳಿಯೇ ಕೇಳುತ್ತದೆ. ಕುದಿಯುವಾಗ ನೀರಿನ ಗಾತ್ರ ಸುಮಾರು 1,600 ಪಟ್ಟು ಹೆಚ್ಚುತ್ತದೆ. ಅಷ್ಟು ಹಿಗ್ಗಬೇಕಾದರೆ ಸುತ್ತಲಿನ ಗಾಳಿಯನ್ನು ತಳ್ಳಬೇಕು, ಹಾಗಾಗಿ ಗಾಳಿಯ ಒತ್ತಡದ ಮಾತು ನಡೆಯುತ್ತದೆ. ಐಸು ಕರಗುವಾಗ ಗಾತ್ರ ಹನ್ನೆರಡರಲ್ಲಿ ಒಂದು ಪಾಲು ಕುಗ್ಗುತ್ತದೆ, ಅಷ್ಟೇ. ಇಡೀ ಒಂದು ವಾಯುಮಂಡಲದಷ್ಟು ಒತ್ತಡ ಬದಲಾದರೂ ಕರಗುವ ಬಿಂದು ಸರಿಯುವುದು ಡಿಗ್ರಿಯ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಥರ್ಮಾಮೀಟರ್ ಪರೀಕ್ಷೆಗೆ ಐಸನ್ನು ನಂಬಬಹುದು, ಕುದಿನೀರನ್ನು ಒತ್ತಡ ನೋಡದೆ ನಂಬಬಾರದು ಎಂದು ನಾನು ಹೇಳುವುದು ಇದಕ್ಕೇ.

ಒತ್ತಡದ ಮಾತನ್ನು ಅಲ್ಲೇ ಕೈಯಲ್ಲಿ ತೋರಿಸಲು 20 ಮಿ.ಲೀ. ಸಿರಿಂಜ್ ಬೇಕು, ಸೂಜಿ ಬೇಡ. 70 ಡಿಗ್ರಿಯ ನೀರು 5 ಮಿ.ಲೀ. ಎಳೆದುಕೊಳ್ಳಿ. ಮೂತಿ ಮೇಲೆ ಮಾಡಿ ಗಾಳಿಗುಳ್ಳೆಯನ್ನು ಪೂರ್ತಿ ಹೊರದೂಡಿ, ಮೂತಿಯನ್ನು ರಬ್ಬರ್ ತುಂಡಿನಿಂದ ಮುಚ್ಚಿ, ಹಿಡಿಯನ್ನು ಜೋರಾಗಿ ಎಳೆಯಿರಿ. ನೀರು ಕುದಿಯುತ್ತದೆ. ಬಿಟ್ಟರೆ ಕುದಿ ನಿಲ್ಲುತ್ತದೆ. ಒಳಗೆ ಗಾಳಿ ಉಳಿದಿದ್ದರೆ ಗಾಳಿಯೇ ಹಿಗ್ಗಿ ಜಾಗ ತುಂಬುತ್ತದೆ, ಕುದಿ ಮಂಕಾಗಿ ಕಾಣುತ್ತದೆ. ನೀರು 50 ಡಿಗ್ರಿಗಿಂತ ತಣ್ಣಗಿದ್ದರೆ ಮಕ್ಕಳ ಕೈಬಲ ಸಾಲದೆ ಹೋಗಬಹುದು. 80ರ ಮೇಲೆ ಬೇಡ, ಸಿರಿಂಜ್ ಜಾರಿದರೆ ಸುಡುತ್ತದೆ. ಮನೆಯ ಪ್ರೆಶರ್ ಕುಕ್ಕರ್ ಇದರ ತದ್ವಿರುದ್ಧ: ತೂಕ ಕೂತ ಮೇಲೆ ಒಳಗೆ ಹೊರಗಿನದಕ್ಕಿಂತ ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚುವರಿ ಒತ್ತಡ ಏರಿ ನೀರು 120 ಡಿಗ್ರಿಯ ಹತ್ತಿರ ಕುದಿಯುತ್ತದೆ.

ಸಿರಿಂಜ್ ಕೈಯಲ್ಲಿರುವಾಗಲೇ ಸಂಪೀಡನೆಯ, ಅಂದರೆ ಒತ್ತಿದರೆ ಎಷ್ಟು ಕುಗ್ಗುತ್ತದೆ ಎಂದು ನೋಡುವ ಚಟುವಟಿಕೆಯನ್ನೂ ಮುಗಿಸಿಬಿಡಬಹುದು. ಗಾಳಿ, ನೀರು, ಘನ ಎಂದು ಮೂರು ಸಿರಿಂಜ್. ಘನಕ್ಕೆ ಸೀಮೆಸುಣ್ಣದ ಚೂರು ಬಳಸುವುದು ರೂಢಿ, ನಾನು ಬಳಸುವುದಿಲ್ಲ. ಚೂರುಗಳ ನಡುವೆ ಗಾಳಿ ಇರುತ್ತದೆ, ಸೀಮೆಸುಣ್ಣವೇ ರಂಧ್ರಮಯ, ಒತ್ತಿದರೆ ಪುಡಿಯಾಗಿ ಹಿಡಿ ಒಳಗೆ ಸರಿಯುತ್ತದೆ. ಘನವೂ ಕುಗ್ಗುತ್ತದೆ ಎಂದು ಮಗು ಬರೆದರೆ ಅದು ಕಂಡದ್ದನ್ನೇ ಬರೆದಿದೆ. ಒಳಗೆ ಬಿಗಿಯಾಗಿ ಕೂರುವಂತೆ ಕೊರೆದ ಮರದ ತುಂಡು ಹಾಕಿ.

ಉತ್ಪತನಕ್ಕೆ, ಅಂದರೆ ಘನ ದ್ರವವಾಗದೆ ನೇರ ಆವಿಯಾಗುವುದನ್ನು ತೋರಿಸಲು, ಕರ್ಪೂರ. ಹಲವು ಕಡೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡನ್ನು ಕಾಯಿಸಿ ತೋರಿಸುತ್ತಾರೆ. ಗೋಡೆಗೆ ಬಿಳಿ ಪುಡಿ ಅಂಟುವುದು ಚೆನ್ನಾಗಿಯೇ ಕಾಣುತ್ತದೆ, ಆದರೆ ಅಲ್ಲಿ ನಡೆಯುವುದು ಸ್ಥಿತಿ ಬದಲಾವಣೆ ಮಾತ್ರವಲ್ಲ. ಅದು ಅಮೋನಿಯ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆದು, ತಂಪಾದ ಕಡೆ ಮತ್ತೆ ಕೂಡುತ್ತದೆ. ಪ್ರನಾಳದ ನಡುವೆ ಗಾಜಿನ ಉಣ್ಣೆ ತುರುಕಿ, ಬಾಯಲ್ಲಿ ಒದ್ದೆ ಕೆಂಪು ಲಿಟ್ಮಸ್ ಇಟ್ಟರೆ ಅದು ನೀಲಿಯಾಗುತ್ತದೆ, ಏಕೆಂದರೆ ಹಗುರವಾದ ಅಮೋನಿಯ ಮೊದಲು ಹರಡಿ ಬರುತ್ತದೆ. ಇದು ಹತ್ತನೇ ತರಗತಿಗೆ ಒಳ್ಳೆಯ ಪ್ರಯೋಗ, ಉತ್ಪತನದ ಮೊದಲ ಉದಾಹರಣೆಗೆ ಅಲ್ಲ. ಕರ್ಪೂರವನ್ನು ಜ್ವಾಲೆಯ ಮೇಲೆ ಎಂದೂ ಇಡಬೇಡಿ, ಅದರ ಆವಿಗೆ ಬೆಂಕಿ ಹತ್ತುತ್ತದೆ. ಕುದಿಯುವ ನೀರಿನ ಬೀಕರ್ ಮೇಲೆ ಪಿಂಗಾಣಿ ಬಟ್ಟಲು, ಅದರಲ್ಲಿ ಪುಡಿ ಮಾಡಿದ 2 ಗ್ರಾಂ ಕರ್ಪೂರ, ಮೇಲೆ ಬೋರಲು ಹಾಕಿದ ಆಲಿಕೆ, ಆಲಿಕೆಯ ಬಾಯಿಗೆ ಸಡಿಲವಾಗಿ ಹತ್ತಿ. ನೀರು ಕುದಿ ಬಂದೊಡನೆ ದೀಪ ಆರಿಸಿ, ಆಮೇಲೆಯೇ ಬಟ್ಟಲು ಇಡಿ. ಆಲಿಕೆಗೆ ಒದ್ದೆ ಬಟ್ಟೆ ಸುತ್ತಿದರೆ ಕಾಲು ಗಂಟೆಯಲ್ಲಿ ಒಳಗೋಡೆಯಲ್ಲಿ ಹರಳು ಕಾಣುತ್ತವೆ. ನೀರು ತಣಿದರೆ ಬದಲಿಸಿ. ಬಟ್ಟಲಿನ ತಳದಲ್ಲಿ ಬಿಳಿ ಪುಡಿ ಉಳಿದರೆ ಕರ್ಪೂರದಲ್ಲಿ ಬೆರಕೆ ಇದೆ ಎಂದರ್ಥ.

ಬೆರಕೆಯ ಮಾತು ಬಂದಾಗ ನುಸಿ ಗುಳಿಗೆಯ ವಿಷಯ ಹೇಳಲೇಬೇಕು. ಮಕ್ಕಳಿಗೆ ನ್ಯಾಫ್ತಲೀನ್ ಗುಳಿಗೆ ತನ್ನಿ ಎಂದರೆ ಅಂಗಡಿಯಲ್ಲಿ ಸಿಗುವುದು ಎಷ್ಟೋ ಸಲ ಪ್ಯಾರಾಡೈಕ್ಲೋರೋಬೆಂಜೀನ್. ಅದು ಕರಗುವುದು 53 ಡಿಗ್ರಿಗೆ, ನ್ಯಾಫ್ತಲೀನ್ 80ಕ್ಕೆ. ಕಾಯಿಸದೆಯೇ ಗುರುತಿಸಬಹುದು. ಒಂದು ಲೋಟದಲ್ಲಿ ಬರೀ ನೀರು, ಇನ್ನೊಂದರಲ್ಲಿ 100 ಮಿ.ಲೀ. ನೀರಿಗೆ 36 ಗ್ರಾಂ ಉಪ್ಪು ಕರಗಿಸಿದ ಪರ್ಯಾಪ್ತ ದ್ರಾವಣ. ಕರ್ಪೂರ ಬರೀ ನೀರಿನಲ್ಲೇ ತೇಲುತ್ತದೆ. ನ್ಯಾಫ್ತಲೀನ್ ನೀರಿನಲ್ಲಿ ಮುಳುಗಿ ಉಪ್ಪುನೀರಿನಲ್ಲಿ ತೇಲುತ್ತದೆ. ಪ್ಯಾರಾಡೈಕ್ಲೋರೋಬೆಂಜೀನ್ ಎರಡರಲ್ಲೂ ಮುಳುಗುತ್ತದೆ. ಗುಳಿಗೆಗೆ ಅಂಟಿದ ಗಾಳಿಗುಳ್ಳೆಯನ್ನು ಬೆರಳಿನಿಂದ ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ಮುಳುಗಬೇಕಾದದ್ದೂ ತೇಲುತ್ತದೆ. ಆಮೇಲೆ ಕೈ ತೊಳೆಸಿ. ಸಾಂದ್ರತೆ ಎಂಬ ಗುಣ ಎರಡು ಲೋಟ ಹಿಡಿದು ಪದಾರ್ಥದ ಗುರುತು ಹೇಳಿದ್ದನ್ನು ಮಕ್ಕಳು ಮರೆಯುವುದಿಲ್ಲ.

ಆದರೆ ಈ ಎರಡು ಬಗೆಯ ನುಸಿ ಗುಳಿಗೆಗಳನ್ನೂ ತರಗತಿಯಲ್ಲಿ ಕಾಯಿಸಿ ಕರಗಿಸುವುದನ್ನು ನಾನು ಬಿಟ್ಟಿದ್ದೇನೆ. ಆವಿ ಒಳ್ಳೆಯದಲ್ಲ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕರಗಿದ ವಸ್ತು ತಣಿದು ಗಟ್ಟಿಯಾಗುವ ಗ್ರಾಫಿಗೆ ಸ್ಟಿಯರಿಕ್ ಆಮ್ಲ ಸಾಕು. ದಪ್ಪ ಪ್ರನಾಳದಲ್ಲಿ 10 ಗ್ರಾಂ, 85 ಡಿಗ್ರಿಯ ನೀರಿನಲ್ಲಿಟ್ಟು ಪೂರ್ತಿ ಕರಗಿಸಿ, ಥರ್ಮಾಮೀಟರ್ ಮತ್ತು ತಂತಿಯ ಕಲಕುಗ ಇಳಿಸಿ, ಪ್ರನಾಳವನ್ನು ಖಾಲಿ ಬೀಕರಿನೊಳಗೆ ಗಾಳಿಯಲ್ಲಿ ನಿಲ್ಲಿಸಿ ಅರ್ಧ ನಿಮಿಷಕ್ಕೊಮ್ಮೆ ಓದಬೇಕು. ಬೇಗ ಮುಗಿಯಲಿ ಎಂದು ತಣ್ಣೀರಿಗೆ ಅದ್ದಿದರೆ ಗೋಡೆಯಲ್ಲಿ ಪದರ ಕಟ್ಟುತ್ತದೆ, ನಡುವೆ ಬಿಸಿ ಉಳಿಯುತ್ತದೆ, ಮಟ್ಟಸ ಗೆರೆ ಹಾಳಾಗುತ್ತದೆ. ಶುದ್ಧವಾದದ್ದು 69 ಡಿಗ್ರಿಯಲ್ಲಿ ನಿಲ್ಲುತ್ತದೆ. ಸಾಬೂನು, ಮೇಣದಬತ್ತಿಯವರಿಗೆ ಮಾರುವ ಅಗ್ಗದ್ದರಲ್ಲಿ ಪಾಮಿಟಿಕ್ ಆಮ್ಲ ಬೆರೆತಿರುತ್ತದೆ, 55ರ ಹತ್ತಿರ ಗಟ್ಟಿಯಾಗುತ್ತದೆ. ಕೆಲವೊಮ್ಮೆ ಗೆರೆ ಒಂದು ಡಿಗ್ರಿ ಕೆಳಗಿಳಿದು ಮತ್ತೆ ಮೇಲೆ ಬಂದು ನಿಲ್ಲುತ್ತದೆ. ಅದು ಅತಿಶೀತನ, ಹರಳು ಹುಟ್ಟಲು ತಡವಾಗಿದೆ. ಓದಿದ್ದು ತಪ್ಪಾಯಿತೆಂದು ಮಕ್ಕಳು ಆ ಬಿಂದುವನ್ನು ಹೊಡೆದುಹಾಕುತ್ತಾರೆ, ಹಾಕಬಾರದು.

ಅದೇ ಹಾಳೆಯ ಮೇಲೆ ಇನ್ನೊಂದು ಗುಂಪು ಮೇಣದಬತ್ತಿಯ ಮೇಣದ ಗ್ರಾಫ್ ಎಳೆಯಲಿ. ಮೇಣ ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ, ಒಂದೊಂದೂ ಒಂದೊಂದು ತಾಪಕ್ಕೆ ಗಟ್ಟಿಯಾಗುತ್ತದೆ. ಮಟ್ಟಸ ಗೆರೆ ಬರುವುದಿಲ್ಲ, ಇಳಿಜಾರು ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ. ಶುದ್ಧ ವಸ್ತುವಿಗೆ ಮಾತ್ರ ನಿಶ್ಚಿತ ಕರಗುವ ಬಿಂದು ಎಂಬ ವಾಕ್ಯಕ್ಕೆ ಈ ಎರಡು ಗೆರೆಗಳಿಗಿಂತ ಒಳ್ಳೆಯ ವಿವರಣೆ ನನ್ನ ಬಳಿ ಇಲ್ಲ.

ಮುಗಿದ ಮೇಲೆ ಗಟ್ಟಿಯಾದ ಆಮ್ಲದೊಳಗಿಂದ ಥರ್ಮಾಮೀಟರನ್ನು ಎಳೆಯಬೇಡಿ, ಬುರುಡೆ ಮುರಿಯುತ್ತದೆ. ಪ್ರನಾಳವನ್ನು ಮತ್ತೆ ಬಿಸಿನೀರಿನಲ್ಲಿಟ್ಟು ಕರಗಿಸಿ ತೆಗೆಯಿರಿ, ಬಿಸಿಯಿರುವಾಗಲೇ ಕಾಗದದಿಂದ ಒರೆಸಿ. ಉಳಿದದ್ದನ್ನು ಸಿಂಕಿಗೆ ಸುರಿಯಬಾರದು, ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಪ್ರನಾಳಗಳಲ್ಲೇ ಬಿಟ್ಟು ಬಿರಡೆ ಹಾಕಿಟ್ಟರೆ ಅದೇ ಹತ್ತು ಗ್ರಾಂ ಮುಂದಿನ ವರ್ಷಕ್ಕೂ ಬರುತ್ತದೆ.